ಸತ್ತವರ ದಿಮ್ಮಿ

ಹೊನ್ನೆ ಮರದ್ದು ಅಲ್ಲದೆಯೂ ಇರಬಹುದು ಆ ದಿಮ್ಮಿ. ಮತ್ತಿಯದು ಎನ್ನುತ್ತಾನೆ ಅಣ್ಣ. ಹೊನ್ನೆಯ ಕೆಂಪು ಅಂಟು ಲಂಗಕ್ಕೆ ಮೆತ್ತಿಕೊಂಡು ಅವ್ವನಿಂದ ಬೈಸಿಕೊಂಡದ್ದು ನನಗೆ ನೆನಪಿದೆ. ಆದರೆ ಆ ದಿಮ್ಮಿಯ ಮೇಲೆ ಕೂರುವ ಹಕ್ಕೇ ನನಗೆ ಇರಲಿಲ್ಲ. ಹಾಗಾದರೆ ಅಂಟು ಎಲ್ಲಿಂದ ಮೆತ್ತಿತು? ಬೇರೆ ಯಾರದೋ ಲಂಗವನ್ನು, ಬೇರೆ ಯಾರೋ ತಿಂದ ಬೈಗುಳವನ್ನು ನನ್ನದೆಂದು ಇಟ್ಟುಕೊಂಡಿರಬಹುದು.

‘ಆಗಿನ ಕಾಲದಲ್ಲಿ’ ಎಂದು ಶುರುಮಾಡಿದರೆ ಸುಲಭ. ಅಷ್ಟು ಬರೆದ ಕೂಡಲೇ ಬಿಸಿಲು ಹಿತವಾಗುತ್ತದೆ, ಕಾಡಿನ ಕೌಳಿಹಣ್ಣು ಸಿಹಿಯಾಗುತ್ತದೆ, ಮಕ್ಕಳೆಲ್ಲ ಒಳ್ಳೆಯವರಾಗುತ್ತಾರೆ. ಆಗ ಯಲ್ಲಾಪುರದ ಬಿಸಿಲು ಹಿತವಾಗಿರಲಿಲ್ಲ. ಕೌಳಿಹಣ್ಣು ಹುಳಿಯೇ ಇತ್ತು. ಮಕ್ಕಳು ಒಳ್ಳೆಯವರಾಗಿದ್ದರು, ಅದೇ ತೊಂದರೆಯಾಯಿತು. ಅದನ್ನು ಬರೆಯಲು ಹೊರಟಿದ್ದೇನೆ.

ನಮ್ಮ ಓಣಿ ಹೆದ್ದಾರಿಯ ಹಿಂದಿತ್ತು. ಅಪ್ಪ ಲಾರಿ ಓಡಿಸುತ್ತಿದ್ದ. ಓಣಿಯ ಅರ್ಧ ಗಂಡಸರು ಲಾರಿಯವರು, ಉಳಿದರ್ಧ ಸಾಮಿಲ್ಲಿನವರು. ಓಣಿ ಮುಗಿಯುವಲ್ಲಿ ನಾಟಾ ಡಿಪೋದ ಹಳೆಯ ಅಂಗಳ. ಮರದ ಹರಾಜು ಮುಗಿದು ದಿಮ್ಮಿಗಳೆಲ್ಲ ಲಾರಿ ಹತ್ತಿ ಹೋದ ಮೇಲೆ ಬೇಸಿಗೆಯಲ್ಲಿ ಅದು ಖಾಲಿ ಬೀಳುತ್ತಿತ್ತು. ನೆಲ ಗಟ್ಟಿ, ಕೆಂಪು, ಅಲ್ಲಲ್ಲಿ ತೊಗಟೆಯ ಚೂರು. ಡೀಸೆಲ್ ವಾಸನೆಯೂ ಕೊಯ್ದ ಸಾಗುವಾನಿಯ ವಾಸನೆಯೂ ಸೇರಿ ಒಂದು ವಾಸನೆ. ಈಗಲೂ ಗ್ಯಾರೇಜಿನ ಮುಂದೆ ಹೋಗುವಾಗ ಅದರ ಅರ್ಧ ಭಾಗ ಸಿಗುತ್ತದೆ.

ಅಲ್ಲಿ ನಮ್ಮ ಲಗೋರಿ. ಬೇರೆ ಊರುಗಳಲ್ಲಿ ಹಂಚಿನ ಚೂರುಗಳನ್ನು ಪೇರಿಸುತ್ತಾರೆ. ನಾವು ಸಾಮಿಲ್ಲಿನಲ್ಲಿ ಕೊಯ್ದು ಬಿಸಾಕಿದ ಮರದ ತುಂಡುಗಳನ್ನು ಪೇರಿಸುತ್ತಿದ್ದೆವು. ಕಾಗದದ ಉಂಡೆಯ ಮೇಲೆ ಸೈಕಲ್ ಟ್ಯೂಬಿನ ಬಳೆಗಳನ್ನು ಬಿಗಿದು ಚೆಂಡು. ಒಂದು ಪಾರ್ಟಿ ಚೆಂಡೆಸೆದು ಪೇರಿಕೆಯನ್ನು ಬೀಳಿಸಿ, ಮತ್ತೆ ಜೋಡಿಸಬೇಕು. ಅಷ್ಟರಲ್ಲಿ ಇನ್ನೊಂದು ಪಾರ್ಟಿ ಅವರ ಬೆನ್ನಿಗೆ ಚೆಂಡಿನಿಂದ ಹೊಡೆಯಬೇಕು. ಹೊಡೆತ ತಿಂದವರು ಸತ್ತರು. ಔಟ್ ಎಂಬ ಶಬ್ದವೂ ಇತ್ತು, ಆದರೆ ನಮಗೆ ಸಾಯುವುದೇ ರೂಢಿ. ಸತ್ತವರು ಅಂಗಳದ ಅಂಚಿನಲ್ಲಿದ್ದ ದೊಡ್ಡ ದಿಮ್ಮಿಯ ಮೇಲೆ ಹೋಗಿ ಕೂರಬೇಕು. ಒಳಗೆ ಪೊಳ್ಳು ಇದ್ದುದರಿಂದ ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟ ದಿಮ್ಮಿ ಅದು.

ನಿಜವಾದ ಮಜಾ ಇದ್ದದ್ದು ಆಟದಲ್ಲಲ್ಲ, ಆ ದಿಮ್ಮಿಯ ಮೇಲೆ. ಸತ್ತವರು ಉಪ್ಪು ಹಚ್ಚಿದ ಕೌಳಿಕಾಯಿ ತಿನ್ನುತ್ತ, ಓಡುವವರನ್ನು ಹಂಗಿಸುತ್ತ, ಮೇಷ್ಟರ ನಡಿಗೆ ಅಣಕಿಸುತ್ತ ಕೂತಿರುತ್ತಿದ್ದರು. ಹೊಸಬರು ಸತ್ತು ಬಂದರೆ ಸರಿದು ಜಾಗ ಕೊಡುತ್ತಿದ್ದರು. ಆ ಸರಿಯುವಿಕೆಯನ್ನು ನಾನು ದೂರದಿಂದಲೇ ನೋಡಿದ್ದೇನೆ.

ಯಾಕೆಂದರೆ ನಾನು ಸಾಯುತ್ತಿರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತು ಎಲ್ಲ ಕಡೆಯೂ ಇದೆ. ನಮ್ಮ ಓಣಿಯಲ್ಲಿ ಅದು ಗಾದೆಯಲ್ಲ, ಕಾಯ್ದೆ. ತೀರ ಸಣ್ಣವರನ್ನು ಬಿಟ್ಟು ಆಡಿದರೆ ಮನೆಗೆ ಹೋಗಿ ಅತ್ತು ಚಾಡಿ ಹೇಳುತ್ತಾರೆ. ಅದಕ್ಕೇ ಈ ಏರ್ಪಾಡು. ನಾನು ಎಲ್ಲಿ ಬೇಕಾದರೂ ಓಡಬಹುದು, ಮರದ ತುಂಡು ಮುಟ್ಟಬಹುದು, ಕಿರುಚಬಹುದು. ಚೆಂಡು ತಾಗಿದರೆ ತಾಗಿತು, ಅಷ್ಟೆ. ಆರೇಳು ವರ್ಷದ ನನಗೆ ಇದು ದೊಡ್ಡ ವರವೆಂದೇ ಅನಿಸಿತ್ತು.

ಆ ಬೇಸಿಗೆಯಲ್ಲಿ ಜಾನಕಿ ಬಂದಳು. ಅವಳ ಅಪ್ಪ ಸೊಸೈಟಿಯ ಗುಮಾಸ್ತ. ಸಿದ್ದಾಪುರದ ಕಡೆಯಿಂದ ವರ್ಗವಾಗಿ ಬಂದು ಡಿಪೋದ ಬೇಲಿಗೆ ತಾಗಿದ ಮನೆ ಹಿಡಿದಿದ್ದರು. ಜಾನಕಿ ನನ್ನ ಅಣ್ಣನ ವಯಸ್ಸಿನವಳು. ಪೋಲಿಯೋದಿಂದ ಒಂದು ಕಾಲು ಸೊರಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ದಪ್ಪ ಅಟ್ಟೆಯ ಬೂಟು. ಗಟ್ಟಿ ನೆಲದ ಮೇಲೆ ನಡೆದರೆ ಟಕ್ಕ ಟಕ್ಕ ಎಂದು ಕೇಳುತ್ತಿತ್ತು. ಯಾವ ಕಾಲು ಎಂದು ನನಗೆ ಖಾತ್ರಿಯಿಲ್ಲ. ಬಲಗಾಲು ಎಂದೇ ತುಂಬ ವರ್ಷ ಹೇಳುತ್ತ ಬಂದಿದ್ದೆ. ಹೋದ ವರ್ಷ ಅವಳನ್ನು ಕಂಡಾಗ ನೋಡಿದರೆ ಎಡಗಾಲು.

ಮೊದಲ ದಿನ ಅವಳ ತಾಯಿಯೇ ಅಂಗಳದವರೆಗೆ ಕರೆತಂದರು.

“ಮಕ್ಳೇ, ನಮ್ಮನೆ ಜಾನಕಿನ್ನೂ ಆಟಕ್ಕೆ ಸೇರ್ಸ್ಕೊಳ್ಳಿ. ಅದಕ್ಕೆ ಓಡೂಕೆ ಬರೂದಿಲ್ಲ. ಬೀಳಿಸ್ಬೇಡಿ, ಹಾಂ?”

“ನಾ ನೋಡ್ಕೋತೀನ್ರಿ ಅಮ್ಮಾರೆ,” ಎಂದ ಅಣ್ಣ. ಅವನೇ ನಮ್ಮ ಯಜಮಾನ. ಅಮ್ಮಾರು ಅತ್ತ ಹೋದದ್ದೇ ತೀರ್ಪು ಕೊಟ್ಟ: “ಜಾನಕಿ ಲೆಕ್ಕಕ್ಕಿಲ್ಲ. ನಮ್ಮ ಸಣ್ಣಿ ಜೋಡಿ.” ಸಣ್ಣಿ ಎಂದರೆ ನಾನು.

ಆಮೇಲೆ ಎಲ್ಲರೂ ಅವಳನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು. ಕೌಳಿಕಾಯಿಯ ಮೊದಲ ಪಾಲು ಅವಳಿಗೆ. ಚೆಂಡು ಉರುಳಿ ಹೋದರೆ ಎತ್ತಿ ಅವಳ ಕೈಗೇ ತಂದುಕೊಡುತ್ತಿದ್ದರು. ಪೇರಿಕೆಗೆ ಅವಳು ಚೆಂಡೆಸೆದರೆ, ತಾಗದಿದ್ದರೂ ಯಾರೋ ಕಾಲಿನಿಂದ ಒದ್ದು ಬೀಳಿಸಿ ಚಪ್ಪಾಳೆ ತಟ್ಟುತ್ತಿದ್ದರು. ಓಣಿಯಲ್ಲೇ ಒರಟನೆಂದು ಹೆಸರಾದ ಬಸ್ಯಾ ಕೂಡ ಅವಳ ಮುಂದೆ ಬೈಗುಳ ನುಂಗಿಕೊಳ್ಳುತ್ತಿದ್ದ. ಬಸ್ಯಾ ಬನವಾಸಿ ಕಡೆಯ ಲಾರಿ ಡ್ರೈವರನ ಮಗ. ಅವನ ಕೈಯಿಂದ ಬಂದ ಚೆಂಡಿನ ಗುರುತು ಬೆನ್ನ ಮೇಲೆ ಎರಡು ದಿನ ಉಳಿಯುತ್ತಿತ್ತು.

ನನಗಂತೂ ಸಂತೋಷ. ಸಾವಿಲ್ಲದವರು ಈಗ ಇಬ್ಬರು. ಅವಳ ಕೈ ಹಿಡಿದುಕೊಂಡು ಆಟದ ನಡುವೆ ಅಡ್ಡಾಡುತ್ತಿದ್ದೆ. ಚೆಂಡು ನಮ್ಮನ್ನು ಬಿಟ್ಟು ಅತ್ತಿತ್ತ ಹಾರುತ್ತಿತ್ತು. ನಾನು ನಗುತ್ತಿದ್ದೆ. ಅವಳು ನಗುತ್ತಿದ್ದಳೇ? ನೆನಪಿನಲ್ಲಿ ಅವಳ ಕೈ ಮಾತ್ರ ಇದೆ, ಮುಖ ಇಲ್ಲ.

ಒಂದು ದಿನ ಆಟದ ನಡುವೆ ಅವಳು ನನ್ನ ಕೈ ಬಿಟ್ಟು ನೇರವಾಗಿ ಹೋಗಿ ದಿಮ್ಮಿಯ ಮೇಲೆ ಕೂತಳು. ಅಲ್ಲಿ ಬಸ್ಯಾ ಸತ್ತು ಕೂತಿದ್ದ, ಅವನ ಪಕ್ಕ ಇನ್ನೊಂದಿಬ್ಬರು.

“ಏ, ನೀ ಸತ್ತಿಲ್ಲಲ್ಲ,” ಎಂದ ಬಸ್ಯಾ.

“ಸುಮ್ಮನೆ ಕೂತೆ.”

“ಸುಮ್ನ ಕುಂಡ್ರಾಕ ಇದೇನು ಬಸ್‌ಸ್ಟ್ಯಾಂಡ್ ಏನು? ಇದು ಸತ್ತವರದು.”

“ಹಂಗಾದ್ರೆ ನನ್ನೂ ಸಾಯ್ಸಿ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅಣ್ಣ ಓಡಿ ಬಂದ. “ಯಾಕ, ಕಾಲು ನೋಯ್ತೈತೇನು? ಕುಂಡ್ರಲಿ ಬಿಡ್ರೋ, ಪಾಪ.”

ಜಾನಕಿ ಎದ್ದು ನಿಂತಳು. “ಪಾಪ ಎಂಥದ್ದು? ನಾನೂ ಲೆಕ್ಕಕ್ಕೆ ಬೇಕು. ನಾಳೆಯಿಂದ ತಗೊಳ್ಳಿ.”

“ನಿನ್ನ ಚೊಲೋಕ್ಕ ಹೇಳೂದು, ಜಾನಕಿ. ಚೆಂಡು ಬಡೀತೈತಿ.”

“ನಾ ಒಪ್ಪೂದಿಲ್ಲ,” ಎಂದ ಬಸ್ಯಾ. “ಆಕಿನ್ನ ತಗೊಂಡ ಪಾರ್ಟಿ ಸೋಲ್ತೈತಿ.”

“ಬಾಯಿ ಮುಚ್ಚಲೇ ಬಸ್ಯಾ,” ಎಂದ ಅಣ್ಣ.

ಜಾನಕಿ ಮಾತ್ರ ಬಸ್ಯಾನ ಕಡೆಗೇ ತಿರುಗಿದಳು. “ಹೇಳು. ಮತ್ತೆ?”

“ಮತ್ತೇನು, ನೀ ಮೊದ್ಲ ಸಾಯ್ತಿ. ದಿನಾ ಮೊದ್ಲ ಸಾಯ್ತಿ. ಅಳ್ತಿ. ನಿಮ್ಮವ್ವ ಬಂದು ನಮಗ ಬೈತಾಳ.”

“ಮೊದಲು ಸಾಯೂದು ಹೌದು. ಅಳೂದಿಲ್ಲ.”

ಓಣಿಯಲ್ಲಿ ಅವಳೊಡನೆ ಯಾರಾದರೂ ಹೀಗೆ ಮಾತಾಡಿದ್ದು ಅದೇ ಮೊದಲು. ಅವಳ ಮುಖ ಅರಳಿತ್ತು ಎಂದು ಬರೆಯಬೇಕೆನಿಸುತ್ತದೆ. ನಾನು ಅವಳ ಹಿಂದೆ ನಿಂತಿದ್ದೆ, ನನಗೆ ಕಂಡದ್ದು ಜಡೆ ಮಾತ್ರ.

ಮರುದಿನ ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಆದರೆ ಅಣ್ಣ ಎಲ್ಲರನ್ನೂ ಮರೆಗೆ ಕರೆದು, ಜಾನಕಿಗೆ ಹಗೂರಕ್ಕೆ ಹೊಡೆಯಬೇಕು ಎಂದು ಆಣೆ ಹಾಕಿಸಿದ. ಆಟ ಶುರುವಾಯಿತು. ಯಾರೋ ಚೆಂಡನ್ನು ಅವಳ ಬೆನ್ನಿಗೆ ಹೂವಿನಂತೆ ತಾಗಿಸಿದರು. “ಸತ್ತಳು,” ಎಂದ ಅಣ್ಣ.

ಜಾನಕಿ ಕದಲಲಿಲ್ಲ.

“ದಿಮ್ಮಿಗೆ ಹೋಗು, ಜಾನಕಿ.”

“ಅದು ಹೊಡೆದಿದ್ದಲ್ಲ. ಮುಟ್ಟಿದ್ದು.”

“ಎರಡೂ ಒಂದ.”

“ಬಸ್ಯಾ ನಿನ್ನೆ ನಿನಗೆ ಹೊಡೆದ್ನಲ, ಬೆನ್ನು ತೋರ್ಸು. ಎರಡೂ ಒಂದಾ ನೋಡ್ವ.”

ಅವಳು ಪೇರಿಕೆಯ ಪಕ್ಕದಲ್ಲೇ ನಿಂತುಬಿಟ್ಟಳು. ಅವಳನ್ನು ಎಳೆದು ಆಚೆ ಹಾಕುವಂತಿಲ್ಲ, ಸೊರಗಿದ ಕಾಲಿನವಳು. ಬೇರೆಯವರಾಗಿದ್ದರೆ ಎಳೆದೇ ಹಾಕುತ್ತಿದ್ದರು. ಆಟ ಮುರಿಯಿತು. ಎಲ್ಲರೂ ಸಿಟ್ಟಾದರು, ಆದರೆ ಆ ಸಿಟ್ಟನ್ನು ಅವಳ ಎದುರು ತೋರಿಸಲೂ ಯಾರಿಗೂ ಧೈರ್ಯವಿರಲಿಲ್ಲ.

ಆ ಸಂಜೆ ಓಣಿಯ ಮಕ್ಕಳೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿ ಉಪಾಯ ಹುಡುಕಿದರು. ಜೋರಾಗಿ ಹೊಡೆಯದಿದ್ದರೆ ಅವಳು ಸಾಯುವುದಿಲ್ಲ. ಹೊಡೆದರೆ ಬೀಳುತ್ತಾಳೆ. ಬಿದ್ದರೂ ಪೆಟ್ಟಾಗದಂತೆ ಮಾಡಿದರೆ? ಉಪಾಯ ಯಾರದು ಎಂಬುದಕ್ಕೆ ಈಗ ಯಾರೂ ಹಕ್ಕುದಾರರಿಲ್ಲ. ಆಗ ಎಲ್ಲರೂ ನನ್ನದು, ನನ್ನದು ಎಂದಿದ್ದರು. ಸಾಮಿಲ್ಲಿನ ಹಿಂದೆ ಮರದ ಹೊಟ್ಟಿನ ಗುಡ್ಡೆಯೇ ಇತ್ತು. ಬೆಳಿಗ್ಗೆ ಎದ್ದದ್ದೇ ಗೋಣಿಚೀಲ ಹಿಡಿದು ಹೊರಟೆವು. ಹೊತ್ತು ತಂದು ಸುರಿದೆವು, ಕಾಲಿನಿಂದ ಹರಡಿದೆವು. ನಾನೂ ಲಂಗದಲ್ಲಿ ತುಂಬಿ ತಂದೆ. ಕೂದಲು, ಹುಬ್ಬು, ಮೂಗಿನೊಳಗೆಲ್ಲ ಹೊಟ್ಟು. ಮಧ್ಯಾಹ್ನದ ಹೊತ್ತಿಗೆ ಅಂಗಳ ಹಾಸಿಗೆಯಾಗಿತ್ತು. ಬಸ್ಯಾ ಬೇಕೆಂದೇ ನಾಲ್ಕು ಸಲ ಬಿದ್ದು ಪರೀಕ್ಷೆ ಮಾಡಿದ. ಅಷ್ಟು ಶ್ರದ್ಧೆಯಿಂದ ಓಣಿಯ ಮಕ್ಕಳು ಬೇರೇನನ್ನೂ ಮಾಡಿದ್ದು ನಾನು ಕಂಡಿಲ್ಲ.

ಊಟವಾದ ಮೇಲೆ ಜಾನಕಿ ಬಂದಳು. ಬೇಲಿ ದಾಟುವವರೆಗೆ ಟಕ್ಕ ಟಕ್ಕ ಕೇಳುತ್ತಿತ್ತು. ಹೊಟ್ಟಿನ ಮೇಲೆ ಕಾಲಿಟ್ಟದ್ದೇ ಸದ್ದು ನಿಂತಿತು. ಬೂಟು ಹೂತುಹೋಯಿತು. ಕಿತ್ತು ಮುಂದಿಟ್ಟಳು, ಇನ್ನಷ್ಟು ಹೂತಿತು. ಮೂರನೆಯ ಹೆಜ್ಜೆಗೆ ಮುಗ್ಗರಿಸಿ ಬಿದ್ದಳು. ಯಾರೂ ಹೊಡೆದಿರಲಿಲ್ಲ. ಚೆಂಡು ಇನ್ನೂ ಅಣ್ಣನ ಜೇಬಿನಲ್ಲಿತ್ತು.

ಪೆಟ್ಟಾಗಲಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಉಪಾಯ ಸರಿಯೇ. ಆದರೆ ಅಳುವುದಿಲ್ಲ ಎಂದವಳು ಬಾಯಿಗೆ ಹೊಟ್ಟು ಮೆತ್ತಿಕೊಂಡು ಅತ್ತಳು. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ತಾಯಿ ಓಡಿ ಬಂದರು.

“ಸಾಕು ತಂಗಿ. ಮನೆಗೆ ಬಾ.”

“ಆನು ಬತ್ನಿಲ್ಲೆ,” ಬರುವುದಿಲ್ಲ ಎಂದು ತಮ್ಮ ಮನೆಮಾತಿನಲ್ಲೇ ಹಟ ಹಿಡಿದಳು ಜಾನಕಿ.

“ಬಿದ್ದು ಇನ್ನೊಂದು ಕಾಲೂ ಮುರ್ಕತ್ಯ?”

“ಬಿದ್ದಿದ್ದು ಹೊಟ್ಟಿಂದ. ನೆಲ ಗಟ್ಟಿ ಇದ್ರೆ ಆನು ಬೀಳ್ತ್ನಿಲ್ಲೆ ಆಯಿ.” ಆಮೇಲೆ ನಮ್ಮ ಕಡೆ ತಿರುಗಿ, ಮೂಗೊರೆಸಿಕೊಂಡು, “ಇದನ್ನ ಯಾರು ಹಾಕಿದ್ದು? ತೆಗೀರಿ,” ಎಂದಳು. ಅಷ್ಟು ದಿನದಲ್ಲಿ ಅವಳಾಗಿಯೇ ತನಗೆಂದು ಕೇಳಿದ ಸಹಾಯ ಅದೊಂದೇ.

ತಾಯಿ ಮಗಳನ್ನು ನೋಡಿದರು, ಹೊಟ್ಟು ಮೆತ್ತಿದ ನಮ್ಮನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆವು.

“ನಾಳೆ ಒಂದು ದಿನ ಆಡು,” ಎಂದರು. “ಬಿದ್ಯೋ, ಮತ್ತೆ ಈ ಅಂಗಳ ಇಲ್ಲ. ರಜೆ ಮುಗಿಯೂವರೆಗೆ ಮನೇಲೇ. ಎಲ್ಲರೂ ಕೇಳಿದ್ರಲ್ಲ?”

ಎಲ್ಲರೂ ಕೇಳಿದ್ದೆವು. ಹೊಟ್ಟು ಹಾಕಿದ್ದಕ್ಕಿಂತ ತೆಗೆಯುವುದು ಕಷ್ಟ. ಪೊರಕೆ, ಬುಟ್ಟಿ, ಹಲಗೆ ಹಿಡಿದು ಕತ್ತಲಾಗುವವರೆಗೆ ಗುಡಿಸಿದೆವು. ಹಾಕುವಾಗಿನ ಹುರುಪು ಯಾರಲ್ಲೂ ಇರಲಿಲ್ಲ. “ಹಾಕಂದಾಕಿ ಆಕಿ ಅಲ್ಲ, ತೆಗಿ ಅನ್ನಾಕ ಮಾತ್ರ ಆಕಿ,” ಎಂದು ಬಸ್ಯಾ ಗೊಣಗಿದ. ಜಾನಕಿ ಅವನ ಎದುರಿಗೇ ಕೂತು ಕೈಯಿಂದ ಹೊಟ್ಟು ಬಾಚುತ್ತಿದ್ದಳು. “ಬಾಯಿಗಿಂತ ಪೊರಕೆ ಜೋರಾಗಿ ಆಡ್ಸು,” ಎಂದಳು. ಬಸ್ಯಾ ಮೊದಲ ಸಲ ಅವಳಿಗೆ ಒಂದು ಬೈಗುಳ ಬೈದ. ಯಾವುದೆಂದು ಇಲ್ಲಿ ಬರೆಯಲಾಗದು.

ಮರುದಿನ ತಾಯಿ ಬೇಲಿಯ ಬಳಿ ನಿಂತಿದ್ದರು. ಒಗೆಯುವ ಬಟ್ಟೆಯಿಲ್ಲ, ಕೈಯಲ್ಲಿ ಕೆಲಸವಿಲ್ಲ, ಸುಮ್ಮನೆ ನಿಂತಿದ್ದರು. ಜಾನಕಿ ಅಣ್ಣನ ಪಾರ್ಟಿ. ಎದುರು ಪಾರ್ಟಿಯಲ್ಲಿ ಬಸ್ಯಾ. ಅಣ್ಣ ಪೇರಿಕೆ ಬೀಳಿಸಿದ. ಎಲ್ಲರೂ ಚದುರಿದರು. ಜಾನಕಿ ಗಟ್ಟಿ ನೆಲದ ಮೇಲೆ ಟಕ್ಕ ಟಕ್ಕ ಎಂದು ನಾವು ಎಣಿಸಿದ್ದಕ್ಕಿಂತ ಬೇಗ ಪೇರಿಕೆಯ ಹತ್ತಿರ ಹೋಗಿ, ಬಗ್ಗಿ, ಒಂದು ತುಂಡಿನ ಮೇಲೆ ಇನ್ನೊಂದಿಟ್ಟಳು. ಚೆಂಡು ಬಸ್ಯಾನ ಕೈಗೆ ಬಂತು. ಅವಳ ಬೆನ್ನು ಪೂರ್ತಿ ಅವನ ಎದುರಿಗಿತ್ತು.

ಜೋರಾಗಿ ಹೊಡೆದು ಅವಳು ಬಿದ್ದರೆ ನಾಳೆಯಿಂದ ಅವಳಿಗೆ ಆಟವಿಲ್ಲ. ಮೆಲ್ಲಗೆ ಹೊಡೆದರೆ ಅವಳು ಸಾಯಲು ಒಪ್ಪುವುದಿಲ್ಲ. ಅಂಗಳದಲ್ಲಿ ಇದು ತಿಳಿಯದವರು ಯಾರೂ ಇರಲಿಲ್ಲ, ನಾನೂ ಸೇರಿ. ಬಸ್ಯಾ ಕೈ ಹಿಂದಕ್ಕೆ ತೆಗೆದ. ಎಸೆದ.

ಧಪ್ ಎಂದಿತು. ಜಾನಕಿ ಮುಂದಕ್ಕೆ ಬಾಗಿದಳು. ಕಬ್ಬಿಣ ಕಿರ್ ಎಂದಿತು. ಒಂದು ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ, ಹಿಡಿಯದೆ, ಮತ್ತೆ ಪಕ್ಕಕ್ಕೆ ಬಂತು. ನಿಂತಿದ್ದಳು.

ಅಣ್ಣ ಬೇಲಿಯ ಕಡೆ ನೋಡಿದ. ಕೊನೆಗೆ ಬಸ್ಯಾನೇ ಹೇಳಿದ: “ಸತ್ತಿ. ನಡಿ.”

ಜಾನಕಿ ಬೆನ್ನು ಉಜ್ಜಿಕೊಂಡು ದಿಮ್ಮಿಯ ಕಡೆ ನಡೆದಳು. ಮೊದಲು ಸತ್ತವಳು ಅವಳೇ ಆದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ನಡುವಿಗೆ ಹೋಗಿ ಕೂತು, ಕಾಲನ್ನು ಎರಡೂ ಕೈಗಳಿಂದ ಎತ್ತಿ ನೀಟಾಗಿ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅಣ್ಣ ಸತ್ತು ಬಂದ. ಅವನನ್ನು ಕಂಡು ಅವಳು ಸರಿದು ಜಾಗ ಕೊಟ್ಟಳು.

“ಬಾ ಯಜಮಾನಾ. ನೀನೂ ಬಂದ್ಯಾ? ಅಷ್ಟು ದೊಡ್ಡ ಕಾಲು ಇಟ್ಕೊಂಡು ಎಂತಾ ಮಾಡ್ದೆ?”

ಬೇಲಿಯ ಬಳಿ ನೋಡಿದರೆ ತಾಯಿ ಇರಲಿಲ್ಲ. ಆ ಸಂಜೆ ಅವರು ಮಗಳ ಬೆನ್ನಿಗೆ ತೆಂಗಿನೆಣ್ಣೆ ಹಚ್ಚಿದರಂತೆ. ಮರುದಿನ ಆಟದ ಹೊತ್ತಿಗೆ “ಇನ್ನೂ ಹೋಗಿಲ್ಯ?” ಎಂದು ಅವರೇ ಕೇಳಿದರಂತೆ.

ಇಲ್ಲಿಗೇ ನಿಲ್ಲಿಸಿದರೆ ಚೆಂದ. ಆದರೆ ಆಮೇಲೆಯೂ ರಜೆ ಉಳಿದಿತ್ತು. ಬಸ್ಯಾ ಹೇಳಿದ್ದೇ ನಿಜವಾಯಿತು. ಅವಳು ಬಹುತೇಕ ದಿನ ಮೊದಲು ಸತ್ತಳು. ಪಾರ್ಟಿ ಆರಿಸುವಾಗ ಅವಳನ್ನು ಎಲ್ಲರಿಗಿಂತ ಕೊನೆಗೆ ಕರೆಯುತ್ತಿದ್ದರು, ಅದು ಅವಳಿಗೆ ನೋಯುತ್ತಿತ್ತು. ಹಾಗೆ ಕೊನೆಗೆ ಉಳಿದು ನಿಂತಾಗ ಅವಳು ಬೂಟಿನ ಬೆಲ್ಟನ್ನು ಸುಮ್ಮನೆ ಬಿಚ್ಚಿ ಕಟ್ಟುತ್ತಿದ್ದಳು. ಕೌಳಿಕಾಯಿಯ ಮೊದಲ ಪಾಲೂ ಹೋಯಿತು. ದೊಡ್ಡ ಆಟಗಾರ್ತಿಯೇನೂ ಆಗಲಿಲ್ಲ. ದಿಮ್ಮಿಯ ಮೇಲೆ ಮಾತ್ರ ಅವಳಷ್ಟು ಚೆನ್ನಾಗಿ ಹಂಗಿಸುವವರು ಇರಲಿಲ್ಲ, ಕೆಲವರು ಅವಳ ಮಾತು ಕೇಳಲೆಂದೇ ಬೇಗ ಸಾಯುತ್ತಿದ್ದರು. ನಾನು ಒಬ್ಬಳೇ ಉಳಿದೆ. ನನ್ನನ್ನೂ ಸಾಯಿಸಿ ಎಂದು ಅತ್ತೆ. “ನಿಂಗ ಇನ್ನೂ ಹಲ್ಲು ಬಿದ್ದಿಲ್ಲ, ಸಾಯಾಕ ಏನ್ ಅವಸರ?” ಎಂದ ಬಸ್ಯಾ.

ಈಗ ಆ ಅಂಗಳಕ್ಕೆ ಗೋಡೆ ಕಟ್ಟಿದ್ದಾರೆ. ನಾನಿರುವುದು ಶಿರಸಿಯಲ್ಲಿ. ಈಚೆಗೆ ಮಗಳ ಶಾಲೆಯ ಕ್ರೀಡಾಕೂಟಕ್ಕೆ ಹೋಗಿದ್ದೆ. ಅವಳ ತರಗತಿಯಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬನಿದ್ದಾನೆ. ಬಾಗಿಲಿಗೆಲ್ಲ ಇಳಿಜಾರು ಕಟ್ಟಿದ್ದಾರೆ, ಗಟ್ಟಿ ಸಿಮೆಂಟಿನದು. ನೋಡಿ ಮನಸ್ಸು ತುಂಬಿತು. ನಮ್ಮ ಕಾಲದಲ್ಲಿ ಜಾನಕಿ ಶಾಲೆಯ ಮೆಟ್ಟಿಲನ್ನು ಕೂತು ಹತ್ತುತ್ತಿದ್ದಳು. ಆಮೇಲೆ ಆ ಹುಡುಗನಿಗೆ ಒಬ್ಬನಿಗೇ ಒಂದು ಓಟ, ಒಬ್ಬನಿಗೇ ಮೊದಲ ಬಹುಮಾನ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ತಟ್ಟದಿರಲು ಆಗುವುದಿಲ್ಲ. ಹುಡುಗ ಬಹುಮಾನವನ್ನು ತೊಡೆಯ ಮೇಲಿಟ್ಟುಕೊಂಡು ಎತ್ತಲೋ ನೋಡುತ್ತಿದ್ದ.

ದೊಡ್ಡವರು ಯಾರೂ ಕಾಯದ ಒಂದು ಅಂಗಳ, ಅಲ್ಲಿ ಮಕ್ಕಳು ತಾವೇ ತಪ್ಪು ಕಾಯ್ದೆ ಮಾಡಿ, ಜಗಳವಾಡಿ, ತಾವೇ ಗುಡಿಸಿ ತೆಗೆಯುವಷ್ಟು ಉದ್ದದ ರಜೆ. ಹೋದದ್ದು ಅದು. ಪೂರ್ತಿ ಹೋಗಿಲ್ಲವೇನೋ. ಮೊನ್ನೆ ಮಗಳು ಮನೆಗೆ ಬಂದದ್ದೇ, “ಅವ್ನು ಕೇರಂನಲ್ಲಿ ಮೋಸ ಮಾಡ್ತಾನೆ ಅಮ್ಮ, ನಾನು ಅವ್ನ ಹತ್ರ ಟೂ ಬಿಟ್ಟಿದ್ದೀನಿ,” ಎಂದಳು. ಯಾರ ಹತ್ತಿರ ಎಂದು ಕೇಳಿದೆ. ಆ ಹುಡುಗನದೇ ಹೆಸರು ಹೇಳಿದಳು. ಬುದ್ಧಿ ಹೇಳಲು ಬಾಯಿ ತೆರೆದವಳು ಅದನ್ನು ಬಿಟ್ಟು ದೋಸೆ ಹಾಕಿಕೊಟ್ಟೆ.

ಜಾನಕಿ ಈಗ ಸಿದ್ದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾಳೆ. ಹೋದ ವರ್ಷ ಕಂಡಾಗ ಕೇಳಿದೆ, ಆ ದಿನ ಬಸ್ಯಾ ಬೇರೆಯವರಿಗೆ ಹೊಡೆದ ಹಾಗೆಯೇ ಹೊಡೆದನಾ ಎಂದು.

“ಪೂರಾ ಜೋರು,” ಎಂದಳು. “ಬೆನ್ನು ನಂದು. ನಂಗೆ ಗೊತ್ತಿರ್ತಿಲ್ಯ?”

ಬಸ್ಯಾ ಅಂಕೋಲೆಯ ಘಟ್ಟದಲ್ಲಿ ಲಾರಿ ಓಡಿಸುತ್ತಾನೆ. ಯಲ್ಲಾಪುರದ ಚಹಾ ಅಂಗಡಿಯಲ್ಲಿ ಸಿಕ್ಕಾಗ ಅವನನ್ನೂ ಕೇಳಿದೆ. ಜೋರಾಗಿಯೇ ಹೊಡೆದಿದ್ದೆ ಎಂದು ನಕ್ಕ. ಚಹಾ ಮುಗಿಸಿ ಲೋಟ ಇಡುತ್ತ, “ಹೊಡಿಯೂಕಿಂತ ಮೊದ್ಲ ಅವರವ್ವನ ಮಾರಿ ನೋಡಿದ್ದೆ, ತಂಗಿ. ಮುಂದ ಕೈ ಏನ್ ಮಾಡ್ತು ನಂಗ ಗೊತ್ತಿಲ್ಲ,” ಎಂದ.

ಆ ದಿನ ಅಂಗಳದಲ್ಲಿ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನ ತೋಳು ಪೂರ್ತಿ ಹಿಂದಕ್ಕೆ ಹೋದದ್ದು ಕಾಣುತ್ತದೆ. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಸಡಿಲವಾದದ್ದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಯಾವುದನ್ನು ಎಂದು ನನಗೆ ತಿಳಿದಿಲ್ಲ.